ಗೂಗಲ್ ಸ್ಕಾಲರ್: ಮ್ಯಾನೇಜ್‌ಮೆಂಟ್ ಸಂಶೋಧನೆ ಹುಡುಕುವುದಕ್ಕೆ ಸೈ, ತೂಗುವುದಕ್ಕೆ ಸಾಲದು

ಮೀಟಿಂಗುಗಳಲ್ಲಿ ‘ರಿಸರ್ಚ್ ಪ್ರಕಾರ’ ಎಂದು ಯಾರಾದರೂ ಶುರುಮಾಡಿದರೆ, ಯಾವ ರಿಸರ್ಚು, ಯಾರ ಮೇಲೆ ಮಾಡಿದ್ದು, ಯಾವಾಗ ಮಾಡಿದ್ದು ಎಂದು ತಿರುಗಿ ಕೇಳುವವರು ಕಡಿಮೆ. ಕೇಳಬೇಕೆನ್ನುವವರಿಗೆ ಕಾಸು ಖರ್ಚಿಲ್ಲದೆ ಸಿಗುವ ಮೊದಲ ದಾರಿ ಗೂಗಲ್ ಸ್ಕಾಲರ್, ಸಂಶೋಧನಾ ಪ್ರಬಂಧಗಳನ್ನು ಹುಡುಕಲೆಂದೇ ಇರುವ ಗೂಗಲ್ ಸೇವೆ. 2004ರ ನವೆಂಬರ್‌ನಲ್ಲಿ ಬಂದ ಈ ಸೇವೆ ಇಂದಿಗೂ ಉಚಿತ, ಹುಡುಕುವುದಕ್ಕೆ ಲಾಗಿನ್ ಕೂಡ ಬೇಡ. ಪ್ರಬಂಧ ಹುಡುಕಿಕೊಡುವ ಕೆಲಸದಲ್ಲಿ ಇದಕ್ಕೆ ಧಾರಾಳವಾಗಿ ಅಂಕ ಕೊಡಬಹುದು. ಸಿಕ್ಕಿದ್ದನ್ನು ನಂಬಬಹುದೇ ಎಂದು ತಿಳಿಸುವ ವಿಷಯದಲ್ಲಿ ಮಾತ್ರ ಪಾಸ್ ಮಾಡುವುದೂ ಕಷ್ಟ. ಎಚ್‌ಆರ್ ಪಾಲಿಸಿ ಬರೆಯುವವರು, ಗ್ರಾಹಕರ ವರ್ತನೆ ಅಧ್ಯಯನ ಮಾಡುವವರು, ಎಂಬಿಎ ಪ್ರಾಜೆಕ್ಟಿನ ವಿದ್ಯಾರ್ಥಿಗಳು ಇದನ್ನು ಅರಿತೇ ಬಳಸುವುದು ಒಳ್ಳೆಯದು.

ಹುಡುಕಾಟದಲ್ಲಿ ಮೊದಲ ತೊಡಕು ಪದಗಳದ್ದೇ. ಈ ಕ್ಷೇತ್ರದಲ್ಲಿ ಒಂದೇ ಸಂಗತಿಗೆ ನಾಲ್ಕು ಹೆಸರು. ಮನೆಯಿಂದ ಕೆಲಸ ಮಾಡುವುದನ್ನು ಹಳೆಯ ಪ್ರಬಂಧಗಳು ಟೆಲಿಕಮ್ಯೂಟಿಂಗ್ ಎನ್ನುತ್ತವೆ, ಕೆಲವು ಟೆಲಿವರ್ಕ್ ಎನ್ನುತ್ತವೆ, ಈಚಿನವು ರಿಮೋಟ್ ವರ್ಕ್ ಅಥವಾ ಹೈಬ್ರಿಡ್ ಎನ್ನುತ್ತವೆ. ಒಂದನ್ನೇ ಟೈಪ್ ಮಾಡಿದರೆ ಉಳಿದ ಸಾಹಿತ್ಯದಲ್ಲಿ ಬಹುಪಾಲು ತಪ್ಪಿಹೋಗುತ್ತದೆ. ಪ್ರತಿ ಪದಗುಚ್ಛವನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ, ನಡುವೆ ದೊಡ್ಡಕ್ಷರದಲ್ಲಿ ಇಂಗ್ಲಿಷಿನ ‘OR’ (ಅಥವಾ) ಸೇರಿಸಬೇಕು. ಸಣ್ಣಕ್ಷರದಲ್ಲಿ ಬರೆದರೆ ‘ಇದಾದರೂ ಸರಿ, ಅದಾದರೂ ಸರಿ’ ಎಂಬ ಸೂಚನೆಯಾಗಿ ಅದು ಕೆಲಸ ಮಾಡುವುದಿಲ್ಲ. ಒಟ್ಟು ಹುಡುಕಾಟ 256 ಅಕ್ಷರ ಮೀರುವಂತಿಲ್ಲ, ಹಾಗಾಗಿ ಪದಗಳ ಪಟ್ಟಿ ಉದ್ದವಾದರೆ ಎರಡು ಮೂರು ಸಲ ಬೇರೆಬೇರೆಯಾಗಿ ಹುಡುಕಬೇಕು.

ವಿಂಗಡಣೆಯಲ್ಲೂ ಒಂದು ತೊಡಕು ಇದೆ. ‘ಸಾರ್ಟ್ ಬೈ ಡೇಟ್’ ಒತ್ತಿದರೆ ಎಲ್ಲ ಫಲಿತಾಂಶಗಳೂ ಹೊಸದರಿಂದ ಹಳೆಯದರ ಕ್ರಮಕ್ಕೆ ಬರುತ್ತವೆ ಎಂದುಕೊಳ್ಳುತ್ತೇವೆ. ಅದು ತೋರಿಸುವುದು ಕಳೆದ ಒಂದು ವರ್ಷದಲ್ಲಿ ಸೇರ್ಪಡೆಯಾದವನ್ನು ಮಾತ್ರ. ಎಡಗಡೆಯ ಪಟ್ಟಿಯಲ್ಲಿ ವರ್ಷದ ಮಿತಿ ಹಾಕಿ, ಕ್ರಮವನ್ನು ಪ್ರಸ್ತುತತೆಗೇ ಬಿಡುವುದು ವಾಸಿ. ಆದರೆ ಆ ಪ್ರಸ್ತುತತೆಯೂ ಉಲ್ಲೇಖಗಳ ಸಂಖ್ಯೆಗೆ ಬಹಳ ಬೆಲೆ ಕೊಡುತ್ತದೆ. ಪ್ರಸಿದ್ಧವಾದ ಹಳೆಯ ಪ್ರಬಂಧ ಮೇಲೆ ಕೂತಿರುತ್ತದೆ, ಅದನ್ನು ಅಲ್ಲಗಳೆದ ಹೊಸದು ಕೆಳಗೆಲ್ಲೋ ಸಿಗುತ್ತದೆ.

ಇದಕ್ಕೆ ಮದ್ದು ಸ್ಕಾಲರ್‌ನಲ್ಲೇ ಇದೆ. ಇಡೀ ಸೇವೆಯಲ್ಲಿ ಅತ್ಯಂತ ಉಪಯುಕ್ತ ಸಾಧನವೂ ಅದೇ, ಪ್ರತಿ ಫಲಿತಾಂಶದ ಕೆಳಗಿರುವ ‘ಸೈಟೆಡ್ ಬೈ’, ಅಂದರೆ ಆ ಪ್ರಬಂಧವನ್ನು ಉಲ್ಲೇಖಿಸಿದ ನಂತರದ ಪ್ರಬಂಧಗಳ ಪಟ್ಟಿ. ಉದಾಹರಣೆಗೆ, ಆಯ್ಕೆ ಹೆಚ್ಚಾದಷ್ಟೂ ಗಿರಾಕಿ ಕೊಳ್ಳುವುದು ಕಡಿಮೆ ಎಂಬ ಮಾತನ್ನು ತೆಗೆದುಕೊಳ್ಳಿ. ಇದರ ಮೂಲ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗ. 24 ಬಗೆಯ ಜಾಮ್ ಇಟ್ಟ ಮೇಜಿನ ಮುಂದೆ ಶೇ. 60ರಷ್ಟು ಜನ ನಿಂತರು, 6 ಬಗೆ ಇಟ್ಟಾಗ ಶೇ. 40. ಆದರೆ ನಿಂತವರಲ್ಲಿ ಕೊಂಡವರು ಮೊದಲ ಸಂದರ್ಭದಲ್ಲಿ ಶೇ. 3, ಎರಡನೆಯದರಲ್ಲಿ ಶೇ. 30. ಎಷ್ಟೋ ಮಾರ್ಕೆಟಿಂಗ್ ಸ್ಲೈಡುಗಳು ಇಲ್ಲಿಗೇ ನಿಂತುಬಿಡುತ್ತವೆ. ಸ್ಕಾಲರ್‌ನಲ್ಲಿ ಈ ಪ್ರಬಂಧದ ‘ಸೈಟೆಡ್ ಬೈ’ ಒತ್ತಿ, ಮೇಲೆ ಬರುವ ‘ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್’ ಚೌಕಕ್ಕೆ ಗುರುತು ಹಾಕಿ, ಹುಡುಕುವ ಪೆಟ್ಟಿಗೆಯಲ್ಲಿ ‘ಮೆಟಾ ಅನಾಲಿಸಿಸ್’ (ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ) ಎಂದು ಇಂಗ್ಲಿಷಿನಲ್ಲಿ ಕೊಡಿ. 2010ರಲ್ಲಿ ಶೈಬೆಹೆನ್ನೆ ಮತ್ತು ಸಂಗಡಿಗರು 50 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಪ್ರಬಂಧ ಸಿಗುತ್ತದೆ: ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. 2015ರದ್ದೂ ಒಂದಿದೆ, ಅಲೆಕ್ಸಾಂಡರ್ ಚೆರ್ನೆವ್ ಮತ್ತು ಸಂಗಡಿಗರದ್ದು. ಆಯ್ಕೆಗಳ ಜಟಿಲತೆ, ನಿರ್ಧಾರದ ಕಷ್ಟ, ತನಗೇನು ಬೇಕೆಂಬುದರ ಬಗ್ಗೆ ಗಿರಾಕಿಗಿರುವ ಅಸ್ಪಷ್ಟತೆ, ನಿರ್ಧಾರದ ಉದ್ದೇಶ ಎಂಬ ನಾಲ್ಕು ಅಂಶಗಳ ಮೇಲೆ ಪರಿಣಾಮ ನಿಂತಿದೆ ಎನ್ನುತ್ತದೆ ಅದು. ‘ಪ್ರಾಡಕ್ಟ್ ರೇಂಜ್ ಕಡಿಮೆ ಮಾಡೋಣ’ ಎಂಬ ತೀರ್ಮಾನಕ್ಕೂ ‘ಯಾವ ಗಿರಾಕಿಗೆ, ಯಾವ ಸಂದರ್ಭದಲ್ಲಿ ಕಡಿಮೆ ಮಾಡೋಣ’ ಎಂಬ ಪ್ರಶ್ನೆಗೂ ನಡುವೆ ಇರುವುದು ನಾಲ್ಕೈದು ಕ್ಲಿಕ್ಕು.

ಫಲಿತಾಂಶದ ಪುಟದಲ್ಲಿ ಕಾಣುವ ಎರಡು ಸಾಲು ಓದಿ ಪಾಲಿಸಿ ಬರೆಯುವುದು ಇನ್ನೊಂದು ಅಪಾಯ. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ, ಚೀನಾದ ಪ್ರವಾಸ ಕಂಪನಿ ಸಿಟ್ರಿಪ್‌ನ ಅಧ್ಯಯನದಿಂದ ‘ಮನೆಯಿಂದ ಕೆಲಸ, ಶೇ. 13 ಹೆಚ್ಚು ಕಾರ್ಯಕ್ಷಮತೆ’ ಎಂಬುದಷ್ಟೇ ಊರೆಲ್ಲ ಸುತ್ತಿದೆ. ಬಲಬದಿಯ ಪಿಡಿಎಫ್ ಕೊಂಡಿ ತೆರೆದು ಓದಿದರೆ ಚಿತ್ರ ಬೇರೆ. ಅಧ್ಯಯನದಲ್ಲಿ ಇದ್ದವರು ಕಾಲ್ ಸೆಂಟರ್ ನೌಕರರು, ತಾವೇ ಮುಂದೆ ಬಂದು ಹೆಸರು ಕೊಟ್ಟವರು. ಆ ಹದಿಮೂರರಲ್ಲಿ ಒಂಬತ್ತರಷ್ಟು ಬಂದದ್ದು ಶಿಫ್ಟಿನಲ್ಲಿ ಹೆಚ್ಚು ನಿಮಿಷ ಕೆಲಸ ಮಾಡಿದ್ದರಿಂದ, ಬಿಡುವು ಮತ್ತು ರಜೆ ಕಡಿಮೆಯಾದದ್ದರಿಂದ. ನಿಮಿಷಕ್ಕೆ ಹೆಚ್ಚು ಕರೆ ಸ್ವೀಕರಿಸಿದ್ದರಿಂದ ಬಂದದ್ದು ನಾಲ್ಕು. ಕೆಲಸ ಬಿಡುವವರು ಅರ್ಧಕ್ಕೆ ಇಳಿದರು, ಆದರೆ ಅಷ್ಟೇ ಕಾರ್ಯಕ್ಷಮತೆಗೆ ಬಡ್ತಿ ಸಿಗುವ ಪ್ರಮಾಣವೂ ಇಳಿಯಿತು. ಅದೇ ಕಂಪನಿಯಲ್ಲಿ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಹೈಬ್ರಿಡ್ (ಕೆಲವು ದಿನ ಮನೆ, ಉಳಿದ ದಿನ ಕಚೇರಿ) ಅಧ್ಯಯನದಲ್ಲಂತೂ ಕಾರ್ಯಕ್ಷಮತೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಸಾಫ್ಟ್‌ವೇರ್ ತಂಡಕ್ಕೆ ಪಾಲಿಸಿ ಬರೆಯುವವರಿಗೆ ಹೆಚ್ಚು ಹತ್ತಿರದ್ದು ಈ ಎರಡನೆಯದೇ.

ಪೂರ್ತಿ ಪ್ರಬಂಧಕ್ಕೆ ಹಣ ಕೇಳಿದರೆ ‘ಆಲ್ ವರ್ಷನ್ಸ್’ ನೋಡಿ, ಉಚಿತ ಪ್ರತಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಸಿಕ್ಕಿದ್ದು ವರ್ಕಿಂಗ್ ಪೇಪರ್ (ಜರ್ನಲ್‌ಗೆ ಮುಂಚಿನ ಕರಡು) ಆಗಿದ್ದರೆ ಅಂಕಿಗಳನ್ನು ಹಾಗೇ ಎತ್ತಬೇಡಿ. ಜರ್ನಲ್‌ನಲ್ಲಿ ಅಚ್ಚಾಗುವ ಹೊತ್ತಿಗೆ ಅವು ಬದಲಾಗಿರಬಹುದು, ಸ್ಕಾಲರ್ ಎರಡನ್ನೂ ಒಂದೇ ಗುಂಪಿಗೆ ಸೇರಿಸಿ ತೋರಿಸುತ್ತದೆ.

ಈಗ ದೊಡ್ಡ ದೋಷಕ್ಕೆ ಬರೋಣ. ತಜ್ಞರ ಪರಿಶೀಲನೆಗೆ ಒಳಗಾದ ಪ್ರಬಂಧಗಳನ್ನಷ್ಟೇ ತೋರಿಸು ಎನ್ನಲು ಇಲ್ಲಿ ಫಿಲ್ಟರ್ ಇಲ್ಲ. ಒಳ್ಳೆಯ ಜರ್ನಲ್, ವಿದ್ಯಾರ್ಥಿಯ ಥೀಸಿಸ್, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆ, ಎಲ್ಲಕ್ಕೂ ಒಂದೇ ಪಂಕ್ತಿ. ಅವೆಲ್ಲದರ ಉಲ್ಲೇಖಗಳೂ ಲೆಕ್ಕಕ್ಕೆ ಸೇರುವುದರಿಂದ ‘ಸೈಟೆಡ್ ಬೈ’ ಸಂಖ್ಯೆ ಆಯ್ದ ಜರ್ನಲ್‌ಗಳನ್ನಷ್ಟೇ ಸೇರಿಸಿಕೊಳ್ಳುವ ಸ್ಕೋಪಸ್‌ನಂಥ ಕಡೆಗಿಂತ ಸಾಮಾನ್ಯವಾಗಿ ದೊಡ್ಡದಿರುತ್ತದೆ. ನಂಬಲರ್ಹವಲ್ಲವೆಂದು ಜರ್ನಲ್ ಹಿಂಪಡೆದ ಪ್ರಬಂಧಗಳ ವಿಷಯ ಇನ್ನೂ ಗಂಭೀರ. ಫಾರ್ಮಿನ ಕೊನೆಯಲ್ಲಿ ಸಹಿ ಹಾಕಿಸುವುದಕ್ಕಿಂತ ಮೇಲ್ಗಡೆಯೇ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದು ಹೇಳಿದ 2012ರ ಪ್ರಬಂಧವನ್ನು 2021ರಲ್ಲಿ ಹಿಂಪಡೆಯಲಾಯಿತು. ಪರಿಣಾಮ ಮರುಕಳಿಸುತ್ತಿಲ್ಲ ಎಂದು ಅದರ ಲೇಖಕರೇ 2020ರಲ್ಲಿ ಒಪ್ಪಿಕೊಂಡಿದ್ದರು. ಖರ್ಚು ಮರುಪಾವತಿ ಫಾರ್ಮುಗಳ ವಿನ್ಯಾಸಕ್ಕೆ ಈ ಪ್ರಬಂಧವನ್ನು ಆಧಾರ ಮಾಡಿಕೊಳ್ಳುವವರು ಸ್ಕಾಲರ್ ಎಚ್ಚರಿಸುತ್ತದೆ ಎಂದು ಕಾಯಬಾರದು. ಶೀರ್ಷಿಕೆಯ ಜೊತೆ ‘ರಿಟ್ರಾಕ್ಷನ್’ ಎಂಬ ಪದವನ್ನೂ ಸೇರಿಸಿ ಹುಡುಕಬೇಕು, ಪ್ರಕಾಶಕರ ಪುಟವನ್ನೇ ತೆರೆದು ನೋಡಬೇಕು. ಅದಕ್ಕಿಂತ ಸುಲಭ, ಉಚಿತ ತಂತ್ರಾಂಶ ಝೊಟೆರೊಗೆ ಪ್ರಬಂಧವನ್ನು ಸೇರಿಸಿಡುವುದು. ಹಿಂಪಡೆದ ಪ್ರಬಂಧಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶದ ಜೊತೆ ಝೊಟೆರೊ ಅದನ್ನು ತಾನೇ ಹೋಲಿಸಿ, ಹಿಂಪಡೆದದ್ದಾದರೆ ಕೆಂಪು ಪಟ್ಟಿ ತೋರಿಸುತ್ತದೆ.

ವ್ಯವಸ್ಥಿತ ಸಾಹಿತ್ಯ ವಿಮರ್ಶೆ ಮಾಡುವವರಿಗೆ ಇದೊಂದೇ ಸಾಕಾಗುವುದಿಲ್ಲ. ಲಕ್ಷ ಫಲಿತಾಂಶ ಎಂದು ಮೇಲೆ ಬರೆದಿದ್ದರೂ ಕೈಗೆ ಸಿಗುವುದು ಮೊದಲ 1,000 ಮಾತ್ರ. ಬೇಗಬೇಗ ಪುಟ ತಿರುವಿದರೆ ‘ನೀವು ರೋಬೋಟ್ ಅಲ್ಲವೇ’ ಎಂಬ ಪರೀಕ್ಷೆ ಎದುರಾಗುತ್ತದೆ. ಫಲಿತಾಂಶಗಳನ್ನು ಒಟ್ಟಿಗೆ ಇಳಿಸಿಕೊಳ್ಳುವ ಅಧಿಕೃತ ಎಪಿಐ (ತಂತ್ರಾಂಶಗಳು ನೇರವಾಗಿ ದತ್ತಾಂಶ ಪಡೆಯುವ ದಾರಿ) ಇಲ್ಲ. ಅಂಥ ಕೆಲಸಕ್ಕೆ ಓಪನ್ಅಲೆಕ್ಸ್ ಎಂಬ ಪ್ರಬಂಧಗಳ ಮುಕ್ತ ದತ್ತಸಂಚಯ ಒಳ್ಳೆಯದು, ಅದೂ ಉಚಿತವಾಗಿಯೇ ಶುರುಮಾಡಬಹುದು. ‘ಸೈಟ್’ (Cite) ಗುಂಡಿ ಕೊಡುವ ಎಪಿಎ ಶೈಲಿಯ ಉಲ್ಲೇಖವನ್ನು ನೇರವಾಗಿ ಅಂಟಿಸುವ ಮುನ್ನ ಸಂಪುಟ, ಪುಟಸಂಖ್ಯೆ, ವರ್ಷ ಮೂರನ್ನೂ ಪ್ರಕಾಶಕರ ಪುಟದಲ್ಲಿ ತಾಳೆ ನೋಡಿ. ತಪ್ಪು ಹೆಚ್ಚಾಗಿ ಇರುವುದು ಅಲ್ಲೇ.

ಜರ್ನಲ್ ಯಾವ ಮಟ್ಟದ್ದು ಎಂಬ ಅಂದಾಜಿಗೆ ‘ಮೆಟ್ರಿಕ್ಸ್’ ವಿಭಾಗ ಇದೆ, ಬಿಸಿನೆಸ್ ವರ್ಗದೊಳಗೆ ಮಾರ್ಕೆಟಿಂಗ್‌ಗೆ, ಮಾನವ ಸಂಪನ್ಮೂಲಕ್ಕೆ ಪ್ರತ್ಯೇಕ ಪಟ್ಟಿ ಸಿಗುತ್ತದೆ. ಅಲ್ಲಿನ ಎಚ್5 ಸೂಚ್ಯಂಕ ಕಳೆದ ಐದು ಪೂರ್ಣ ವರ್ಷಗಳದ್ದು: ಅದು 50 ಎಂದಿದ್ದರೆ, ಆ ಅವಧಿಯ 50 ಪ್ರಬಂಧಗಳಿಗೆ ತಲಾ ಕನಿಷ್ಠ 50 ಉಲ್ಲೇಖ ಸಿಕ್ಕಿದೆ ಎಂದರ್ಥ. ಹೆಚ್ಚು ಪ್ರಬಂಧ ಅಚ್ಚು ಹಾಕುವ ಜರ್ನಲ್‌ಗೆ ಇದರಲ್ಲಿ ಸಹಜವಾಗಿಯೇ ಲಾಭ ಇರುವುದರಿಂದ ಸಣ್ಣ ವ್ಯತ್ಯಾಸಗಳಿಗೆ ಅರ್ಥ ಕಟ್ಟಬೇಡಿ.

ಅಲರ್ಟ್ ಹಾಕುವವರು ವಿಷಯದ ಪದ ಕೊಟ್ಟರೆ ಇನ್‌ಬಾಕ್ಸ್ ಕಸದಿಂದ ತುಂಬುತ್ತದೆ. ನಿಮ್ಮ ಪಾಲಿಸಿ ನಿಂತಿರುವ ಒಂದೆರಡು ಮುಖ್ಯ ಪ್ರಬಂಧಗಳ ‘ಸೈಟೆಡ್ ಬೈ’ ಪುಟ ತೆರೆದು, ಅಲ್ಲಿನ ‘ಕ್ರಿಯೇಟ್ ಅಲರ್ಟ್’ ಒತ್ತಿ. ಆ ಪ್ರಬಂಧವನ್ನು ಪ್ರಶ್ನಿಸುವ ಹೊಸದೊಂದು ಬಂದಾಗ ಅದರ ಸುದ್ದಿ ತಾನಾಗಿ ಇಮೇಲಿಗೆ ಬರುತ್ತದೆ, ಏಕೆಂದರೆ ಪ್ರಶ್ನಿಸುವವರೂ ಮೂಲವನ್ನು ಉಲ್ಲೇಖಿಸಲೇಬೇಕು.