ಸುತ್ತಿಗೆ, ಚಕ್ರ, ಗುಂಡಿ: ಮೂರು ತೋಪಡಗಳನ್ನು ಹಿಡಿದು ನೋಡಿದಾಗ

ಮರ ಹೆರೆದು ನಯ ಮಾಡುವ ತೋಪಡವನ್ನು ಹಲಸಿನ ಹಲಗೆಗೆ ಹೊಡೆದವರಿಗೆ ಇದು ಗೊತ್ತು. ಒಂದು ಗೇಣಿನವರೆಗೆ ರೇಷ್ಮೆಯಂತೆ ಏಳುತ್ತಿದ್ದ ಸುರುಳಿ ಚರ್ರೆಂದು ಹರಿಯುತ್ತದೆ, ಹಲಗೆಯ ಮೇಲೆ ಇಲಿ ಕಡಿದ ಹಾಗೆ ಗುಳಿ ಬೀಳುತ್ತದೆ. ಮರದ ಎಳೆ ದಿಕ್ಕು ಬದಲಿಸಿದ ಆ ಜಾಗದಲ್ಲಿ ಅಲಗನ್ನು ಕೂದಲೆಳೆಯಷ್ಟು ಮೇಲೆತ್ತಿಕೊಳ್ಳಬೇಕು. ಅದು ಎಷ್ಟು ಸಲೀಸಾಗಿ ಆಗುತ್ತದೆ ಎನ್ನುವುದರ ಮೇಲೆಯೇ ನಾನು ತೋಪಡವನ್ನು ಅಳೆಯುವುದು. ಈ ಮಳೆಗಾಲದಲ್ಲಿ ಮೂರು ಬಗೆಯವನ್ನು ಒಂದೇ ಕಲ್ಲಿನಲ್ಲಿ ಮಸೆದು, ಒಂದೇ ಹಲಗೆಯ ಮೇಲೆ ಓಡಿಸಿದೆ.

ಮೊದಲನೆಯದು ನಮ್ಮ ಆಚಾರಿಗಳ ಮರದ ಉಜ್ಜುಗೊರಡು. ಅಲಗನ್ನು ಬೆಣೆ ಹಿಡಿದಿರುತ್ತದೆ. ಅಲಗಿನ ತಲೆಗೆ ತಟ್ಟಿದರೆ ಕೆಳಗಿಳಿಯುತ್ತದೆ, ಗೊರಡಿನ ಹಿಂಬದಿಗೆ ಬಡಿದರೆ ಮೇಲೇರುತ್ತದೆ, ಆಮೇಲೆ ಬೆಣೆಗೊಂದು ಏಟು. ಮರದ ಮೇಲೆ ಮರ ಜಾರುವ ಸುಖ ಕಬ್ಬಿಣಕ್ಕಿಲ್ಲ. ಆದರೆ ಪ್ರತಿಸಲ ಕೆಲಸ ನಿಲ್ಲಿಸಿ ಸುತ್ತಿಗೆ ಎತ್ತಿಕೊಳ್ಳಬೇಕು, ಮಳೆಗಾಲದಲ್ಲಿ ಗೊರಡು ಉಬ್ಬಿ ಬೆಣೆ ಬಿಗಿಯುತ್ತದೆ.

ಎರಡನೆಯದು ಬೈಲಿ ಮಾದರಿಯ ಕಬ್ಬಿಣದ ತೋಪಡ, ಅಳತೆಯಲ್ಲಿ ನಾಲ್ಕನೇ ನಂಬರು. ಅದರ ಹಿತ್ತಾಳೆ ಚಕ್ರಕ್ಕೆ ಅಮೆರಿಕದ ಲಿಯೊನಾರ್ಡ್ ಬೈಲಿ ಪೇಟೆಂಟ್ ಪಡೆದದ್ದು 1867ರಲ್ಲಿ. ಎರಡೇ ವರ್ಷಕ್ಕೆ ಸ್ಟ್ಯಾನ್ಲಿ ಕಂಪನಿ ಅವನ ಪೇಟೆಂಟುಗಳನ್ನು ಕೊಂಡಿತು. ಅಲಗು 45 ಡಿಗ್ರಿ ಓರೆಯ ಕಬ್ಬಿಣದ ಪೀಠದ ಮೇಲೆ, ಅಂದರೆ ಫ್ರಾಗ್ ಮೇಲೆ ಮಲಗಿರುತ್ತದೆ. ಚಕ್ರ ತಿರುಗಿಸಿದರೆ ಕವಲಿನಾಕಾರದ ಸನ್ನೆಯೊಂದು ವಾಲುತ್ತದೆ. ಅದರ ತುದಿ ಚಿಪ್ ಬ್ರೇಕರಿನ, ಅಂದರೆ ಏಳುವ ಸುರುಳಿಯನ್ನು ಬಾಗಿಸಲು ಅಲಗಿನ ಮೇಲೆ ಕೂರಿಸಿದ ತಗಡಿನ, ತೂತಿನಲ್ಲಿ ಕೂತಿರುವುದರಿಂದ, ಚಿಪ್ ಬ್ರೇಕರ್ ಮತ್ತು ಅದಕ್ಕೆ ಬಿಗಿದ ಅಲಗು ಒಟ್ಟಿಗೆ ಸರಿಯುತ್ತವೆ. ಹಿಡಿಯಿಂದ ಕೈ ತೆಗೆಯದೆ, ತೋಪಡ ಓಡುತ್ತಿರುವಾಗಲೇ, ಬೆರಳು ಆ ಚಕ್ರಕ್ಕೆ ಎಟುಕುತ್ತದೆ. ಇಷ್ಟು ದೊಡ್ಡ ಉಪಕಾರವನ್ನು ಬಡಗಿಗಳಿಗೆ ಬೇರೆ ಯಾರೂ ಮಾಡಿಲ್ಲ ಎಂದೇ ನನ್ನ ನಂಬಿಕೆ.

ಅದರಲ್ಲೊಂದು ಸಡಿಲವೂ ಇದೆ. ನಾನು ಮೊದಲು ಕೊಂಡಿದ್ದ ಅಗ್ಗದ ತೋಪಡದಲ್ಲಿ ದಿಕ್ಕು ಬದಲಿಸಿದರೆ ಚಕ್ರ ಸುಮಾರು ಒಂದು ಸುತ್ತು ಬರಿದೇ ತಿರುಗುತ್ತಿತ್ತು. ಹಿಂದಕ್ಕೆ ಎಳೆದುಕೊಂಡು ಹಾಗೇ ಬಿಟ್ಟರೆ, ಒತ್ತಡ ಬಿದ್ದಾಗ ಅಲಗು ತಾನೇ ಹಿಂದೆ ಜಾರುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಹಿಂದೆ ತಂದು, ಕೊನೆಯ ತಿರುವು ಯಾವಾಗಲೂ ಮುಂದಕ್ಕೇ ಇರಬೇಕು. ಚಕ್ರ ಬೆರಳಿಗೆ ಸ್ವಲ್ಪ ಬಿಗಿಯಾಗಿ ಸಿಕ್ಕಾಗ ನಿಲ್ಲಿಸಿ. ಅಲಗು ಓರೆಯಾಗಿದೆಯೇ ಎಂದು ತಿಳಿಯಲು ಬೆಂಕಿಪೊಟ್ಟಣದ ಅಗಲದ ಮರದ ಪಟ್ಟಿಯನ್ನು ಬಾಯಿಯ, ಅಂದರೆ ಅಲಗು ಹೊರಬರುವ ತಳದ ಸೀಳಿನ, ಎಡತುದಿಗೊಮ್ಮೆ, ಬಲತುದಿಗೊಮ್ಮೆ ಉಜ್ಜಿ ನೋಡುತ್ತೇನೆ. ಎರಡು ಕಡೆಯ ಸುರುಳಿಯೂ ಸಮ ದಪ್ಪ ಬರುವವರೆಗೆ ಅಲಗನ್ನು ಪಕ್ಕಕ್ಕೆ ವಾಲಿಸುವ ಸನ್ನೆಯನ್ನು ತಳ್ಳುತ್ತೇನೆ.

ಮೂರನೆಯದು ಕಡಿಮೆ ಕೋನದ ತೋಪಡ. ಅಲಗು 12 ಡಿಗ್ರಿ ಓರೆಯ ಪೀಠದ ಮೇಲೆ, ಮಸೆದ ಓರೆಮುಖ ಮೇಲಕ್ಕೆ. ಚಿಪ್ ಬ್ರೇಕರ್ ಇಲ್ಲ. 25 ಡಿಗ್ರಿಗೆ ಮಸೆದರೆ ಕತ್ತರಿಸುವ ಕೋನ 37, 50ಕ್ಕೆ ಮಸೆದರೆ 62. ನನ್ನದರಲ್ಲಿ ಇಂಗ್ಲೆಂಡಿನ ಥಾಮಸ್ ನಾರಿಸ್ 1913ರಲ್ಲಿ ಪೇಟೆಂಟ್ ಮಾಡಿದ ಬಗೆಯ ಹೊಂದಿಕೆ ಇದೆ. ಒಂದೇ ಗುಂಡಿ ತಿರುಗಿಸಿದರೆ ಆಳ, ಅದನ್ನೇ ಪಕ್ಕಕ್ಕೆ ವಾಲಿಸಿದರೆ ಓರೆ. ಮುಂದಿನ ಹಿಡಿ ಸಡಿಲಿಸಿ ಬಾಯಿಯನ್ನೂ ಕಿರಿದು ಮಾಡಬಹುದು. ಸೊಗಸಾದ ಯೋಚನೆ. ಆದರೆ ಆಳ ತಿದ್ದುವಾಗ ಓರೆಯೂ ಚೂರು ಅಲುಗುತ್ತದೆ, ಅಲಗನ್ನು ಅದುಮಿ ಹಿಡಿದ ಮೇಲಿನ ಬಿಗಿತ ಸಡಿಲಿಸದೆ ತಿರುಗಿಸಿದರೆ ತಿರುಪಿನ ಮರೆಗಳು ಸವೆಯುತ್ತವೆ. ಅಂದರೆ ಮತ್ತೆ ಕೆಲಸ ನಿಲ್ಲಿಸಲೇಬೇಕು.

ಹಲಸು ಕೊಟ್ಟ ತೀರ್ಪು ಹೀಗಿತ್ತು: 37 ಡಿಗ್ರಿಯಲ್ಲಿ ಕಡಿಮೆ ಕೋನದ್ದು ಮೂರರಲ್ಲೂ ಹೆಚ್ಚು ಕಿತ್ತಿತು. 50ಕ್ಕೆ ಮಸೆದ ಇನ್ನೊಂದು ಅಲಗು ಹಾಕಿದಾಗ ಗುಳಿ ನಿಂತಿತು, ಆದರೆ ತಳ್ಳಿ ತಳ್ಳಿ ತೋಳು ಸೋತಿತು, ಮೈ ಸ್ವಲ್ಪ ಮಂಕಾಯಿತು. ಬೈಲಿಯಲ್ಲಿ ಚಿಪ್ ಬ್ರೇಕರನ್ನು ಅಂಚಿನಿಂದ ಕಾಲು ಮಿಲಿಮೀಟರಿಗೂ ಕಡಿಮೆ ದೂರಕ್ಕೆ ತಂದೆ. ಹಲಗೆಯ ಗಂಟಿನ ಪಕ್ಕದಲ್ಲೂ ಮುರಿಯದ ಸುರುಳಿ ಎದ್ದಿತು, ಹಳದಿ ಮರ ಹೊಳೆಯಿತು. ಎಳೆಗೆ ಅಡ್ಡವಾಗಿ ಕೊಯ್ದ ಹಲಗೆಯ ತುದಿಗೆ ಬಂದಾಗ ಮಾತ್ರ ಲೆಕ್ಕ ತಲೆಕೆಳಗು. ಅಲ್ಲಿ 37 ಡಿಗ್ರಿಯ ಅಲಗು ಬೆಣ್ಣೆಯಲ್ಲಿ ಹೋದಂತೆ ಹೋಯಿತು, ಬೈಲಿ ತಡವರಿಸಿತು.

ಆ ಹಲಗೆ ಈಗ ನಮ್ಮ ದೇವರಮನೆಯ ಬಾಗಿಲು. ಮುಖವೆಲ್ಲ ಬೈಲಿಯದು, ಮೇಲೆ ಕೆಳಗಿನ ತುದಿಗಳು ಕಡಿಮೆ ಕೋನದ್ದು, ಕೈಗೆ ತಾಗುವ ಅಂಚನ್ನು ಗುಂಡಗೆ ಮಾಡಿದ್ದು ಮರದ ಗೊರಡು.