ಸೆಕೆಯ ನಾಡಿನಲ್ಲಿ ಎರಡು ಕ್ರಿಸ್ಮಸ್: ಸಿಂಗಾಪುರವೋ, ನೆಗೊಂಬೊವೋ?

ಮಂಗಳೂರಿನಿಂದ ಬಂದು ಮುಂಬೈನ ಅಂಧೇರಿಯಲ್ಲಿ ನೆಲೆಸಿದ ನಮ್ಮ ಮನೆಯಲ್ಲಿ ಡಿಸೆಂಬರ್ ಎಂದರೆ ಗೋದಲಿ ಕಟ್ಟುವ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕರಿಯುವ ತಿಂಗಳು. ಆ ಕ್ರಮವನ್ನು ಸತತ ಎರಡು ವರ್ಷ ಮುರಿದು, 2022ರ ಹಬ್ಬವನ್ನು ಸಿಂಗಾಪುರದಲ್ಲೂ 2023ರದನ್ನು ಶ್ರೀಲಂಕಾದ ನೆಗೊಂಬೊದಲ್ಲೂ ಆಚರಿಸಿದೆವು.

ಸಿಂಗಾಪುರಕ್ಕೆ ವಿಮಾನದಲ್ಲಿ ಐದೂವರೆ ಗಂಟೆ, ಕೊಲಂಬೊಗೆ ಅದರ ಅರ್ಧದಷ್ಟು. ಸಿಂಗಾಪುರಕ್ಕೆ ವೀಸಾ ಮಾಡಿಸಬೇಕಾಯಿತು. ಶ್ರೀಲಂಕಾ ಆ ವರ್ಷದ ಕೊನೆಯಲ್ಲಿ ಭಾರತೀಯರಿಗೆ ವೀಸಾ ಶುಲ್ಕವನ್ನೇ ಮನ್ನಾ ಮಾಡಿತ್ತು. ಖರ್ಚಿನ ಮಾತು ಇಲ್ಲಿಗೇ ಸಾಕು.

ಸಿಂಗಾಪುರದಲ್ಲಿ ಡಿಸೆಂಬರ್ ಈಶಾನ್ಯ ಮಾರುತದ ಮಳೆಗಾಲವಾದ್ದರಿಂದ, ಅಲ್ಲಿನ ಸೆಕೆ ನಮ್ಮ ಜೂನ್ ತಿಂಗಳನ್ನು ನೆನಪಿಸಿತು. 1984ರಲ್ಲಿ ಆರಂಭವಾದ ಆರ್ಚರ್ಡ್ ರಸ್ತೆಯ ದೀಪಾಲಂಕಾರ ಕಣ್ಣು ತುಂಬುವಂತಿದ್ದರೂ, ಅದು ಮುಖ್ಯವಾಗಿ ಅಂಗಡಿಗಳ ಹಬ್ಬವೆನಿಸಿತು. ಮಾಲ್ ಒಂದರ ಮುಂದೆ ಸೋಪಿನ ನೊರೆಯನ್ನೇ ಹಿಮವೆಂದು ಉದುರಿಸುತ್ತಿದ್ದರು. 1847ರಷ್ಟು ಹಳೆಯದಾದ ಗುಡ್ ಶೆಫರ್ಡ್ ಕೆಥೆಡ್ರಲ್‌ನಲ್ಲಿ ಮಧ್ಯರಾತ್ರಿಯ ಬಲಿಪೂಜೆ ಅಚ್ಚುಕಟ್ಟಾಗಿ ನಡೆಯಿತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ಪೂಜೆ ಮುಗಿಸಿ ಶುಭಾಶಯ ಹೇಳಲು ಫೋನ್ ಮಾಡಿದಾಗ ಅಮ್ಮ ಇನ್ನೂ ಇಗರ್ಜಿಗೆ ಹೊರಡಲು ಸೀರೆ ಉಡುತ್ತಿದ್ದರು.

ನೆಗೊಂಬೊದಲ್ಲಿ ಯಾವುದನ್ನೂ ಹಿಮವೆಂದು ನಂಬಿಸುವವರಿರಲಿಲ್ಲ. ಪೋರ್ಚುಗೀಸರ ಕಾಲದಿಂದ ಕ್ರೈಸ್ತರಾಗಿರುವ ಮೀನುಗಾರರ ಆ ಊರನ್ನು ‘ಪುಟ್ಟ ರೋಮ್’ ಎಂದು ಕರೆಯುತ್ತಾರೆ. ನನಗೆ ಮಾತ್ರ ಅದು ಇಗರ್ಜಿಗಳು ಹೆಚ್ಚಾದ ಮಲ್ಪೆಯಂತೆ ಕಂಡಿತು. ಸಿಂಹಳ ಭಾಷೆಯ ಪೂಜೆಯಲ್ಲಿ ಒಂದು ಪದವೂ ತಿಳಿಯದಿದ್ದರೂ, ಎಲ್ಲಿ ಎದ್ದು ನಿಲ್ಲಬೇಕು, ಎಲ್ಲಿ ಮಂಡಿಯೂರಬೇಕು ಎಂಬುದು ತಿಳಿದೇ ಇತ್ತು. ಬಾಗಿಲಲ್ಲಿ ಚೀಲಗಳನ್ನು ತಪಾಸಣೆ ಮಾಡಿದಾಗ, 2019ರ ಈಸ್ಟರ್ ದಿನ ಇದೇ ಊರಿನ ಸೇಂಟ್ ಸೆಬಾಸ್ಟಿಯನ್ ಇಗರ್ಜಿಯಲ್ಲಿ ಬಾಂಬ್ ಸಿಡಿದದ್ದು ನೆನಪಾಗಿ ಮಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಕೇಕ್ ವಿಚಾರದಲ್ಲಿ ಹೋಲಿಕೆಯೇ ಇಲ್ಲ. ಸಿಂಗಾಪುರದಲ್ಲಿ ತಿಂದದ್ದು ಮರದ ದಿಮ್ಮಿಯ ಆಕಾರದ, ಕ್ರೀಮ್ ಬಳಿದ ಕೇಕ್. ಲಂಕೆಯದೋ ರವೆ, ಗೋಡಂಬಿ, ಸಕ್ಕರೆಯಲ್ಲಿ ಪಾಕ ಹಿಡಿಸಿದ ಬೂದುಗುಂಬಳ ಸೇರಿದ, ಕೈಗೆ ಅಂಟುವಷ್ಟು ರಸಭರಿತವಾದ ಕೇಕ್. ಆದರೆ ಹಬ್ಬದ ಮರುದಿನವೇ ಬೌದ್ಧರ ಪವಿತ್ರ ದಿನವಾದ ಪೋಯ ಹುಣ್ಣಿಮೆ ಬಂದು ಮಾಂಸ, ಮದ್ಯಗಳ ಮಾರಾಟ ನಿಂತಿತ್ತು. ಹೀಗಾಗಿ ನಮಗೆ ಆ ಕೇಕೇ ಊಟವಾಯಿತು.

ರಾತ್ರಿಯ ಸೊಳ್ಳೆಕಾಟವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನನ್ನ ಆಯ್ಕೆ ನೆಗೊಂಬೊ. ಮಗನ ಮತ ಈಗಲೂ ಆ ಸೋಪಿನ ನೊರೆಗೇ.