ಸೆಪುಲ್ಟುರಾದ ‘ರೂಟ್ಸ್’, ಆರ್ಫನ್ಡ್ ಲ್ಯಾಂಡ್‌ನ ‘ಮಬೂಲ್’: ಮೊದಲು ಯಾವುದನ್ನು ಕೇಳಬೇಕು?

ಅಬ್ಬರದ ರಾಕ್ ಸಂಗೀತವಾದ ಹೆವಿ ಮೆಟಲ್‌ಗೆ ದೇಸಿ ಸಂಗೀತ ಬೆರೆತರೆ ಏನಾಗುತ್ತದೆಂದು ತಿಳಿಯಬಯಸುವವರಿಗೆ ನಾನು ಮೊದಲು ಸೂಚಿಸುವುದು ಬ್ರೆಜಿಲ್‌ನ ಸೆಪುಲ್ಟುರಾ ತಂಡ 1996ರಲ್ಲಿ ಹೊರತಂದ ‘ರೂಟ್ಸ್’ ಆಲ್ಬಮ್ಮನ್ನು. ಇಲ್ಲಿ ಲಯವೇ ಪ್ರಧಾನ: ಶ್ರುತಿ ಇಳಿಸಿದ ಗಿಟಾರ್‌ಗಳು ಸರಳವಾದ ರಿಫ್‌ಗಳಲ್ಲೇ (ಮರುಕಳಿಸುವ ಪುಟ್ಟ ಸ್ವರಗುಚ್ಛಗಳಲ್ಲೇ) ನಿಂತು ಕಾರ್ಲಿನ್ಯೋಸ್ ಬ್ರೌನ್ ಅವರಂತಹ ಕಲಾವಿದರ ತಾಳವಾದ್ಯಗಳಿಗೆ ಜಾಗ ಬಿಟ್ಟುಕೊಡುತ್ತವೆ, ‘ಆಟಿಟ್ಯೂಡ್’ ಹಾಡು ಒಂಟಿ ತಂತಿಯ ಬೆರಿಂಬಾವ್ ನಾದದಿಂದ ತೆರೆದುಕೊಳ್ಳುತ್ತದೆ, ‘ಇಟ್ಸಾರಿ’ಯಲ್ಲಂತೂ ಬ್ರೆಜಿಲ್‌ನದೇ ಆದ ಶವಾಂಟೆ ಬುಡಕಟ್ಟಿನವರ ಗಾಯನವನ್ನು ಅವರ ಹಳ್ಳಿಯಲ್ಲೇ ಧ್ವನಿಮುದ್ರಿಸಲಾಗಿದ್ದು, ಮೆಟಲ್‌ನ ಅಬ್ಬರ ಅದರ ಹತ್ತಿರವೂ ಸುಳಿಯುವುದಿಲ್ಲ. ಆ ಸಂಯಮವೇ ನನಗೆ ಈ ಆಲ್ಬಮ್ಮಿನಲ್ಲಿ ಅತ್ಯಂತ ಪ್ರಿಯವಾದದ್ದು.

ಇಸ್ರೇಲ್‌ನ ಆರ್ಫನ್ಡ್ ಲ್ಯಾಂಡ್ ತಂಡದ ‘ಮಬೂಲ್’ (2004) ಜಲಪ್ರಳಯದ ಕಥೆಯೊಂದನ್ನು ಹಿಡಿದು ಸಾಗುತ್ತದೆ. ಪಶ್ಚಿಮ ಏಷ್ಯಾದ ತಂತಿವಾದ್ಯಗಳಾದ ಔದ್, ಸಾಜ್‌ಗಳ ರಾಗಧಾಟಿ ಇಲ್ಲಿ ಗಿಟಾರಿನೊಳಗೇ ಇಳಿದಿದೆ. ಘರ್ಜಿಸುವ ಗಾಯನದ ಪಕ್ಕದಲ್ಲೇ ಯೆಮೆನಿ ಶೈಲಿಯ ಹೆಣ್ಣುದನಿ ಕೇಳಿಬರುತ್ತದೆ. ಲಯಕ್ಕಿಂತ ರಾಗದ ಕಡೆಗೆ ಒಲವಿರುವವರು ಇದರಿಂದಲೇ ಆರಂಭಿಸಬಹುದು, ಆದರೆ ಬಿಡಿಬಿಡಿಯಾಗಿ ಅಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಓಘದಲ್ಲಿ ಕೇಳಬೇಕು.